ಶೋಕವೂ ಕಾಯಕವೂ

ಕೆಲವು ವರ್ಷಗಳ ಹಿಂದಿನ ಮಾತು. ಶ್ರೀಮಠದಲ್ಲಿ ಸಾಯಂಕಾಲದ ಪೂಜೆ ಮುಗಿದು, ಪ್ರಸಾದ ನಿಲಯದ ಮಕ್ಕಳು ಸಾಮೂಹಿಕ ಪ್ರಾರ್ಥನೆಯಿಂದೆದ್ದು ಪ್ರಸಾದಕ್ಕೆ ಹೊರಟಿದ್ದ ಹೊತ್ತು. ದರ್ಶನಕ್ಕೆ ಬಂದವರೆಲ್ಲ ತೆರಳಿದ ಮೇಲೂ ಕಂಬದ ಮರೆಯಲ್ಲಿ ಒಬ್ಬ ತರುಣ ಕುಳಿತೇ ಇದ್ದ. ಹತ್ತಿರ ಕರೆದಾಗ ಗುರುತು ಸಿಕ್ಕಿತು. ಐದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗೆ ನಮ್ಮ ನಿಲಯದಲ್ಲಿಯೇ ಉಂಡು, ಓದಿ, ಸರ್ಕಾರಿ ಸೀಟಿನಲ್ಲಿ ವೈದ್ಯಕೀಯ ಕಾಲೇಜು ಸೇರಿದ್ದ ಹುಡುಗ. ಸೀಟು ದೊರೆತ ದಿನ ಅವನ ತಂದೆ ಎರಡು ಗೊನೆ ಎಳನೀರು ತಂದು ಗದ್ದುಗೆಯ ಮುಂದಿಟ್ಟು, ಮಾತು ಹೊರಡದೆ ಕೈಮುಗಿದು ನಿಂತಿದ್ದುದು ನಮಗೆ ಇನ್ನೂ ನೆನಪಿದೆ.

ಆ ತಂದೆ, ಮಗನ ಮೊದಲನೆಯ ವರ್ಷ ಮುಗಿಯುವ ಮುನ್ನವೇ ಹೃದಯಾಘಾತದಿಂದ ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದ ಮರುದಿನವೇ ಹುಡುಗ ಕಾಲೇಜಿಗೆ ಹಿಂದಿರುಗಿದ. ಶವಚ್ಛೇದನದ ಕೊಠಡಿಯಲ್ಲಿ ಅವನ ತಂಡಕ್ಕೆ ಆ ವಾರ ನಿಗದಿಯಾಗಿದ್ದುದು ಎದೆಯ ಭಾಗ. ಅಲ್ಲಿ ಏನಾಯಿತೆಂಬುದನ್ನು ಅವನು ವಿವರಿಸಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದ: “ಬುದ್ಧೀ, ಆರು ತಿಂಗಳು ರಜೆ ಹಾಕಿ ಅವ್ವನ ಹತ್ತಿರ ಇದ್ದುಬಿಡಲೇ? ಓದಿದ್ದು ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ. ಹೀಗೆ ಕೇಳುವುದೇ ತಪ್ಪೇನೋ.”

ನಾವು ಹೇಳಿದೆವು: “ಮಗೂ, ನೀನು ವೈದ್ಯನಾಗಬೇಕೆಂಬುದು ನಿನ್ನ ತಂದೆಯ ಆಸೆ. ನಡುವೆ ಕಾಯಕ ಬಿಟ್ಟು ಕುಳಿತರೆ ಅವರಿಗೆ ಸಮಾಧಾನವಾದೀತೇ? ಲಿಂಗದಲ್ಲಿ ಬೆರೆತವರಿಗಾಗಿ ಅಳುವುದು ಶರಣಧರ್ಮವಲ್ಲ. ಧೈರ್ಯವಾಗಿ ಹೋಗು, ಓದು.” ಅವನು ಮರುಮಾತಾಡದೆ ವಿಭೂತಿ ಧರಿಸಿ, ನಮಸ್ಕರಿಸಿ ಹೊರಟುಹೋದ. ಒಳ್ಳೆಯ ಮಾತನ್ನೇ ಹೇಳಿದೆವೆಂಬ ತೃಪ್ತಿಯಿಂದ ನಾವೂ ಒಳಗೆ ಹೋದೆವು.

ಮೂರು ವಾರಗಳ ಮೇಲೆ ಅವನ ಕೊಠಡಿಯ ಗೆಳೆಯ ಮಠದ ಕಛೇರಿಗೆ ದೂರವಾಣಿ ಮಾಡಿದ. ಹುಡುಗ ನಾಲ್ಕು ದಿನಗಳಿಂದ ಸರಿಯಾಗಿ ಉಂಡಿರಲಿಲ್ಲ, ನಿದ್ರೆ ಮಾಡಿರಲಿಲ್ಲ. ತಾನು ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲವೆಂದು ಒಮ್ಮೆ ಅಂದನಂತೆ. ಆ ಮಾತನ್ನು ಕೇಳಿದ ಗೆಳೆಯ ಅವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ, ವಾರ್ಡನ್ನರನ್ನು ಎಬ್ಬಿಸಿ, ಆ ರಾತ್ರಿಯೇ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದಿದ್ದ. ಹುಡುಗ ಉಳಿದ. ಅವನನ್ನು ಉಳಿಸಿದ್ದು ಹತ್ತೊಂಬತ್ತು ವರ್ಷದ ಆ ಗೆಳೆಯನ ವಿವೇಕವೇ ಹೊರತು, ಗದ್ದುಗೆಯ ಮೇಲೆ ಕುಳಿತು ನಾವು ನೀಡಿದ ಉಪದೇಶವಲ್ಲ.

ಆ ದಿನದಿಂದ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತ ಬಂದಿದೆ. ತನ್ನವರನ್ನು ಕಳೆದುಕೊಂಡವನು, ಅದರಿಂದ ಮನಸ್ಸು ಕುಸಿದವನು, ಕೈಗೆತ್ತಿಕೊಂಡ ಕರ್ತವ್ಯದಿಂದ ಕೆಲಕಾಲ ಹಿಂದೆ ಸರಿಯುವುದು ಧರ್ಮವೋ, ಅಧರ್ಮವೋ? ಅದರಲ್ಲಿಯೂ ಆ ಕರ್ತವ್ಯ ವೈದ್ಯವಿದ್ಯೆಯಾಗಿದ್ದರೆ? ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಬಹುಮಂದಿ ಇದ್ದಾರೆ. ಮಕ್ಕಳನ್ನು ವೈದ್ಯರನ್ನಾಗಿಸುವ ಕನಸು ಹೊತ್ತ ಸದ್ಭಕ್ತರು ಅದಕ್ಕಿಂತ ಹೆಚ್ಚು ಇದ್ದಾರೆ. ಆದುದರಿಂದ ಈ ವಿಚಾರವನ್ನು ಎಲ್ಲರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ಅಂದಿನ ಉತ್ತರದ ಹಿಂದೆ ಮೂರು ನಂಬಿಕೆಗಳಿದ್ದವು. ಲಿಂಗೈಕ್ಯರಾದವರಿಗಾಗಿ ದುಃಖಿಸುವುದು ಅಜ್ಞಾನ ಎಂಬುದೊಂದು. ಕಾಯಕವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು ಎಂಬುದು ಎರಡನೆಯದು. ಸಾವಿರಾರು ಮಂದಿಗೆ ದೊರೆಯದ ಸೀಟು ದೊರೆತಿರುವಾಗ ಒಂದು ದಿನವನ್ನೂ ವ್ಯರ್ಥ ಮಾಡಬಾರದು ಎಂಬ ಲೌಕಿಕವಾದ ಎಣಿಕೆ ಮೂರನೆಯದು. ಈ ಮೂರರಲ್ಲಿಯೂ ಸತ್ಯದ ಅಂಶವಿದೆ. ಅದಕ್ಕಾಗಿಯೇ ಇವು ಅಪಾಯಕಾರಿಯಾದವು. ಸಂಪೂರ್ಣ ಸುಳ್ಳಾಗಿದ್ದರೆ ಆ ಹುಡುಗನೇ ನಂಬುತ್ತಿರಲಿಲ್ಲ.

ಮೊದಲನೆಯದನ್ನು ನೋಡೋಣ. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಲಿಂಗವನ್ನು ಧರಿಸಿದ ದೇಹಕ್ಕೆ ಮೈಲಿಗೆಯಿಲ್ಲ. ಸತ್ತವರ ಮನೆಯವರು ಇಷ್ಟು ದಿನ ಅಸ್ಪೃಶ್ಯರು, ಪೂಜೆಗೆ ಅನರ್ಹರು ಎಂಬ ಕಟ್ಟಳೆ ನಮ್ಮಲ್ಲಿಲ್ಲ. ಇದು ಮನುಷ್ಯಕುಲಕ್ಕೆ ದೊರೆತ ದೊಡ್ಡ ಬಿಡುಗಡೆ. ಆದರೆ ಇಲ್ಲಿ ನಿರಾಕೃತವಾದದ್ದು ಮೈಲಿಗೆಯ ಕಲ್ಪನೆ ಎಂಬುದನ್ನು ಗಮನಿಸಬೇಕು. ಮರಣದಿಂದ ಮನೆ ಅಪವಿತ್ರವಾಗುವುದಿಲ್ಲ ಎಂದ ಮಾತ್ರಕ್ಕೆ ಮರಣದಿಂದ ಮನೆ ಬರಿದಾಗುವುದಿಲ್ಲ ಎಂದು ಯಾರು ಹೇಳಿದರು? ಅಂದಿನ ಸಂಜೆ ತಂದೆ ಕುಳಿತುಕೊಳ್ಳುತ್ತಿದ್ದ ಜಗುಲಿ ಖಾಲಿಯಾಗಿಯೇ ಇರುತ್ತದೆ. ಸೂತಕವನ್ನು ತೆಗೆದುಹಾಕಿದ ನಾವು, ಅದರ ಜೊತೆಗೆ ಒಂದು ಉಪಯುಕ್ತವಾದ ವಸ್ತುವನ್ನೂ ಅರಿವಿಲ್ಲದೆ ಕಳೆದುಕೊಂಡೆವೋ ಎಂಬ ಅನುಮಾನ ನಮಗಿದೆ. ಸೂತಕವನ್ನು ಪಾಲಿಸುವವರ ಮನೆಯಲ್ಲಿ ದುಃಖಿತನಿಗೆ ಕೆಲವು ದಿನ ಕೆಲಸದಿಂದ ಬಿಡುವು ದೊರೆಯುತ್ತಿತ್ತು. ಅವನು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಮೈಲಿಗೆಯ ಭಯವನ್ನು ಬಿಟ್ಟ ನಾವು ಆ ಬಿಡುವನ್ನು ಕರುಣೆಯ ಹೆಸರಿನಲ್ಲಿ ಉಳಿಸಿಕೊಳ್ಳಬೇಕಾಗಿತ್ತು.

ಶರಣರ ಕಥೆಗಳಲ್ಲಿಯೇ ಇದಕ್ಕೆ ಆಧಾರವಿದೆ. ಅಲ್ಲಮಪ್ರಭುಗಳ ಚರಿತ್ರೆ ನಮ್ಮಲ್ಲಿ ಎರಡು ಬಗೆಯಾಗಿ ಬಂದಿದೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮ ಮಾಯೆಯನ್ನು ಗೆದ್ದವನು, ಮೋಹ ಅವನನ್ನು ಮುಟ್ಟಲಾರದೆ ಸೋಲುತ್ತದೆ. ಪುರಾಣ ಪ್ರವಚನಗಳಲ್ಲಿ ಭಕ್ತರು ಹೆಚ್ಚಾಗಿ ಕೇಳಿರುವುದು ಈ ಕಥೆಯನ್ನೇ. ಆದರೆ ಅದಕ್ಕಿಂತ ಹಿಂದಿನವನಾದ ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿರುವ ಅಲ್ಲಮನೇ ಬೇರೆ. ಅವನು ಮದ್ದಳೆಗಾರ. ಕಮಲತೆಯೆಂಬವಳನ್ನು ಒಲಿದು ವರಿಸುತ್ತಾನೆ. ಅವಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಅಲ್ಲಮ ಶೋಕದಿಂದ ಮತಿಗೆಟ್ಟವನಂತೆ ಅಲೆಯುತ್ತಾನೆ. ಕಡೆಗೆ ಒಂದು ತೋಟದಲ್ಲಿ ಮಂಕಾಗಿ ಕುಳಿತು ಉಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೂತುಹೋಗಿದ್ದ ಗುಡಿಯೊಂದರ ಚಿನ್ನದ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಅಲ್ಲಿ ಎವೆಯಿಕ್ಕದೆ ಲಿಂಗವನ್ನು ನೋಡುತ್ತ ಕುಳಿತ ಅನಿಮಿಷಯ್ಯ. ಅವನ ಕೈಯಿಂದ ಅಲ್ಲಮನಿಗೆ ಲಿಂಗ ದೊರೆಯುತ್ತದೆ.

ಮುಂದೆ ಶೂನ್ಯಸಿಂಹಾಸನವನ್ನೇರಿದ ಮಹಾಜ್ಞಾನಿಯ ಬದುಕಿನಲ್ಲಿ ಹೀಗೊಂದು ಕಾಲವಿತ್ತೆಂದು ಹೇಳಲು ಹರಿಹರ ಸಂಕೋಚಪಡಲಿಲ್ಲ. ಯಾವ ಕೆಲಸಕ್ಕೂ ಬಾರದೆ ತೋಟದಲ್ಲಿ ನೆಲ ಕೆರೆಯುತ್ತ ಕುಳಿತ ಆ ಅಲ್ಲಮನನ್ನು ದಾರಿಹೋಕನೊಬ್ಬ ಕಂಡಿದ್ದರೆ ಏನೆನ್ನುತ್ತಿದ್ದ? ಎದ್ದು ಹೋಗಿ ನಿನ್ನ ಮದ್ದಳೆ ಬಾರಿಸು ಎನ್ನುತ್ತಿದ್ದನೇನೋ. ನಾವು ಆ ಹುಡುಗನಿಗೆ ಹೇಳಿದ್ದು ಅದನ್ನೇ.

ಈ ಕಥೆಯಿಂದ ಶೋಕವೇ ಜ್ಞಾನವನ್ನು ಕೊಡುತ್ತದೆ ಎಂದು ಯಾರೂ ಅರ್ಥಮಾಡಿಕೊಳ್ಳಬಾರದು. ಶೋಕದಿಂದ ಅಲೆದವರು ಕೋಟಿ ಜನ. ಅವರಲ್ಲಿ ಹೆಚ್ಚಿನವರಿಗೆ ದೊರೆತದ್ದು ಬಳಲಿಕೆ ಮಾತ್ರ. ಅಲ್ಲಮನಿಗೆ ಆ ಏಕಾಂತದ ಕೊನೆಯಲ್ಲಿ ಒಬ್ಬ ಅನಿಮಿಷಯ್ಯ ದೊರೆತ. ಈ ಅಂಶಕ್ಕೆ ಮುಂದೆ ಮರಳಿ ಬರುತ್ತೇವೆ.

ಇಲ್ಲಿ ನಮ್ಮದೇ ಒಂದು ವಿಷಯವನ್ನು ಹೇಳಬೇಕಾಗಿದೆ. ಬರೆಯಲು ಸಂಕೋಚವಾದರೂ ಹೇಳದಿದ್ದರೆ ಲೇಖನ ಅಪ್ರಾಮಾಣಿಕವಾದೀತು. ನಾವು ವಿರಕ್ತಾಶ್ರಮವನ್ನು ಸ್ವೀಕರಿಸಿ ಹನ್ನೆರಡು ವರ್ಷಗಳಾಗಿದ್ದಾಗ ಪೂರ್ವಾಶ್ರಮದ ತಾಯಿಯವರು ಲಿಂಗೈಕ್ಯರಾದರು. ಸುದ್ದಿ ಬಂದಾಗ ಒಂದು ಗ್ರಾಮದಲ್ಲಿ ಪ್ರವಚನ ನಡೆದಿತ್ತು. ಚೀಟಿಯನ್ನು ಓದಿ, ಮಡಿಸಿ, ಪುಸ್ತಕದೊಳಗಿಟ್ಟು ಪ್ರವಚನವನ್ನು ಮುಂದುವರಿಸಿದೆವು. ಸಂಗತಿ ತಿಳಿದ ಭಕ್ತರು ನಮ್ಮ ವೈರಾಗ್ಯವನ್ನು ಕೊಂಡಾಡಿದರು. ನಮಗೂ ಅದು ವೈರಾಗ್ಯವೆಂದೇ ತೋರಿತು. ಆದರೆ ಆ ವರ್ಷವಿಡೀ ನಿದ್ರೆ ನೆಟ್ಟಗಿರಲಿಲ್ಲ. ಸಣ್ಣಪುಟ್ಟ ಕಾರಣಗಳಿಗೂ ಮರಿಗಳ ಮೇಲೆ ಸಿಡುಕುತ್ತಿದ್ದೆವು. ಬೆಳಗಿನ ಪೂಜೆಯಲ್ಲಿ ಲಿಂಗ ಅಂಗೈಯಲ್ಲಿದ್ದರೂ ದೃಷ್ಟಿ ನಿಲ್ಲುತ್ತಿರಲಿಲ್ಲ. ಅದನ್ನೆಲ್ಲ ಪ್ರಯಾಣದ ಆಯಾಸವೆಂದು ತಿಳಿದೆವು. ಆ ಹುಡುಗ ಆಸ್ಪತ್ರೆಯಲ್ಲಿರುವಾಗ ಅವನ ಮಂಚದ ಪಕ್ಕದಲ್ಲಿ ಕುಳಿತಿದ್ದ ದಿನ ನಮಗೆ ಒಂದು ಸತ್ಯ ಹೊಳೆಯಿತು. ಅವನಿಗೆ ನಾವು ಕೊಟ್ಟದ್ದು ಶರಣರ ಉಪದೇಶವಾಗಿರಲಿಲ್ಲ; ನಾವು ಅಳದೆ ಉಳಿಸಿಕೊಂಡಿದ್ದ ದುಃಖದ ಬಿಗುವನ್ನೇ ಅವನ ತಲೆಯ ಮೇಲೆ ಹೊರಿಸಿ ಕಳುಹಿಸಿದ್ದೆವು. ದುಃಖವನ್ನು ದಾಟಿದವನ ಸಮಾಧಾನ ಒಂದು, ದುಃಖಕ್ಕೆ ಬಾಗಿಲು ಮುಚ್ಚಿದವನ ಗಟ್ಟಿತನ ಇನ್ನೊಂದು. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ಬಗೆಯಾಗಿ ಕಾಣುವುದರಿಂದ ಗುರುಸ್ಥಾನದಲ್ಲಿರುವವರು ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

ಇನ್ನು ಎರಡನೆಯ ನಂಬಿಕೆ. ಕಾಯಕ ನಮ್ಮ ಧರ್ಮದ ಜೀವಾಳ. ಅದನ್ನು ಹಗುರಗೊಳಿಸುವ ಮಾತನ್ನು ನಾವು ಆಡಲಾರೆವು. ಆದರೆ ವೈದ್ಯವಿದ್ಯಾರ್ಥಿಯ ಕಾಯಕ ಯಾವುದು? ಹಾಜರಿ ಪುಸ್ತಕದಲ್ಲಿ ಹೆಸರು ತಪ್ಪದಂತೆ ನೋಡಿಕೊಳ್ಳುವುದೇ? ಮುಂದೊಂದು ದಿನ ಮತ್ತೊಬ್ಬರ ಪ್ರಾಣ ತನ್ನ ಕೈಗೆ ಬರುವುದೆಂದು ತಿಳಿದು ಆ ಕೈಯನ್ನು, ಬುದ್ಧಿಯನ್ನು, ಹೃದಯವನ್ನು ಸಿದ್ಧಪಡಿಸಿಕೊಳ್ಳುವುದು ಅವನ ಕಾಯಕ. ಮೂರು ರಾತ್ರಿ ಕಣ್ಣುಮುಚ್ಚದ ಚಾಲಕನೊಬ್ಬ ಕಾಯಕನಿಷ್ಠೆಯ ಹೆಸರಿನಲ್ಲಿ ಐವತ್ತು ಜನ ಕುಳಿತ ಬಸ್ಸನ್ನು ನಡೆಸಲು ಹೊರಟರೆ ನಾವು ಅವನನ್ನು ಹೊಗಳುತ್ತೇವೆಯೇ? ಕೈಹಿಡಿದು ಇಳಿಸುತ್ತೇವೆ. ಆ ದಿನ ಬಸ್ಸನ್ನು ನಡೆಸದಿರುವುದೇ ಅವನ ಕರ್ತವ್ಯ. ಮೊದಲನೆಯ ವರ್ಷದ ವಿದ್ಯಾರ್ಥಿಯ ಕೈಯಲ್ಲಿ ಯಾವ ರೋಗಿಯೂ ಇಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ಅಭ್ಯಾಸ ಬೆಳೆಯುವುದು ಅಲ್ಲಿಯೇ. ತನ್ನ ತಂದೆಯ ಸಾವಿನ ಮುಂದೆ ಒಂದು ಕ್ಷಣವೂ ನಿಲ್ಲಬಾರದೆಂದು ಕಲಿತವನು, ಹತ್ತು ವರ್ಷಗಳ ಮೇಲೆ ವಾರ್ಡಿನ ಹೊರಗೆ ಗೋಡೆಗೊರಗಿ ಅಳುತ್ತಿರುವ ಮತ್ತೊಬ್ಬರ ಮಗನ ಮುಂದೆ ನಿಂತಾನೆಂದು ನಿರೀಕ್ಷಿಸುವುದು ಕಷ್ಟ. ನಿಲ್ಲುವ ವೈದ್ಯರು ನಮಗೆ ಬೇಕಾಗಿದ್ದಾರೆ.

ವೈದ್ಯಶಿಕ್ಷಣವನ್ನು ರೂಪಿಸುವವರಿಗೂ ಇದು ತಿಳಿಯದ ವಿಷಯವಲ್ಲ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನವೆಂಬ ಪ್ರತ್ಯೇಕ ವಿಭಾಗವಿದೆ. ಶವಚ್ಛೇದನಕ್ಕೆ ಒದಗುವ ದೇಹವನ್ನು ತನ್ನ ಮೊದಲನೆಯ ಗುರುವೆಂದು ಕಾಣಬೇಕೆಂಬ ಪಾಠ ಅದರಲ್ಲಿ ಸೇರಿದೆ. ಅಪರಿಚಿತನ ಮೃತದೇಹಕ್ಕೆ ಗೌರವ ಸಲ್ಲಿಸಲು ಕಲಿಸುವ ವಿದ್ಯೆ, ಆ ವಿದ್ಯಾರ್ಥಿಯ ಮನೆಯಲ್ಲಿ ಸತ್ತವರಿಗೆ ಸಲ್ಲಬೇಕಾದ ಕಾಲವನ್ನು ಅಲ್ಲಗಳೆಯಲಾರದು.

ನಮ್ಮ ಪ್ರಾಚೀನ ವೈದ್ಯರು ಶೋಕವನ್ನು ಕೇವಲ ಮನಸ್ಸಿನ ದೌರ್ಬಲ್ಯವೆಂದು ಬಗೆಯಲಿಲ್ಲ. ಚರಕಸಂಹಿತೆಯಲ್ಲಿ ಶೋಕದಿಂದ ಹುಟ್ಟುವ ಜ್ವರ, ಶೋಕದಿಂದ ಹುಟ್ಟುವ ಅತಿಸಾರಗಳ ಪ್ರಸ್ತಾಪವಿದೆ. ರೋಗವನ್ನು ಬೆಳೆಸುವ ಕಾರಣಗಳಲ್ಲೆಲ್ಲ ವಿಷಾದವೇ ಮುಖ್ಯವಾದದ್ದೆಂದು ಅದರ ಸೂತ್ರಸ್ಥಾನ ಎಣಿಸುತ್ತದೆ. ಇಂದಿನ ವೈದ್ಯಶಾಸ್ತ್ರ ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಸಹಜವಾದ ಶೋಕ ರೋಗವಲ್ಲ. ಅದು ಅಲೆಯಲೆಯಾಗಿ ಬಂದು, ಕಾಲಕ್ರಮದಲ್ಲಿ ಮನುಷ್ಯನನ್ನು ಬದುಕಿಗೆ ಮರಳಿ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ದೀರ್ಘಕಾಲಿಕ ಶೋಕವ್ಯಾಧಿಯನ್ನು ಬೇರೆಯಾಗಿ ಗುರುತಿಸಲಾಗಿದೆ. ಆರು ತಿಂಗಳಿಗೂ ಮೀರಿ, ಆಯಾ ಸಮಾಜದ ಹಾಗೂ ಧರ್ಮದ ವಾಡಿಕೆಯನ್ನೂ ಮೀರಿ, ಬಾಳನ್ನೇ ಕೆಡಿಸುವಷ್ಟು ತೀವ್ರವಾಗಿ ಶೋಕ ಉಳಿದರೆ ಅದಕ್ಕೆ ಚಿಕಿತ್ಸೆ ಬೇಕು. ಇದಲ್ಲದೆ, ಆರು ತಿಂಗಳು ಕಾಯದೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕಾದ ಸ್ಥಿತಿಯೂ ಇದೆ. ಊಟ ನಿದ್ರೆಗಳು ಕೆಟ್ಟು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಬೇರೂರಿ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ ಅದು ಅಂದೇ ಗಮನಿಸಬೇಕಾದ ಸಂಗತಿ. ಸತ್ತವರನ್ನು ನೆನೆದು ಅಳುವವನ ಮಾತಿಗೂ, ತಾನೇ ಇರಬಾರದಾಗಿತ್ತು ಎನ್ನುವವನ ಮಾತಿಗೂ ಇರುವ ಅಂತರವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು.

ವೈದ್ಯವಿದ್ಯಾರ್ಥಿಗಳಲ್ಲಿ ಈ ನೋವು ವಿರಳವೇನಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು 2024ರಲ್ಲಿ ವರದಿ ನೀಡಿತು. ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇಕಡಾ 27.8ರಷ್ಟು ಮಂದಿ ತಮಗೆ ಮಾನಸಿಕ ಅಸ್ವಾಸ್ಥ್ಯವಿದೆಯೆಂದೂ, ಶೇಕಡಾ 16.2ರಷ್ಟು ಮಂದಿ ತಮಗೆ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದೂ ತಿಳಿಸಿದ್ದಾರೆ. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕವಿದು. ಇಡೀ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಆರು ಮಂದಿಯಲ್ಲಿ ಒಬ್ಬನೆಂಬುದು ಒಂದು ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತ ಮಕ್ಕಳನ್ನು ನೋಡುವಾಗ ನಮ್ಮ ಮನಸ್ಸಿಗೆ ಬಾರದೆ ಇರದು. ವೈದ್ಯನಾಗುವವನಿಗೆ ಕಾಯಿಲೆ ಬರಬಾರದೆಂಬ ವಿಚಿತ್ರವಾದ ನಾಚಿಕೆ ಆ ಮಕ್ಕಳಲ್ಲಿದೆ. ಜ್ವರ ಬಂದರೆ ಹೇಳುತ್ತಾರೆ, ಮನಸ್ಸು ಕುಸಿದರೆ ಮುಚ್ಚಿಡುತ್ತಾರೆ.

ಮೂರನೆಯದಾದ ಸೀಟಿನ ಎಣಿಕೆಗೆ ಬರೋಣ. ಇದನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ರಜೆಗೆ ಬೆಲೆಯಿದೆ. ಪರೀಕ್ಷೆಗೆ ಕೂರಲು ತರಗತಿಗಳಲ್ಲಿ ಶೇಕಡಾ 75, ಪ್ರಾಯೋಗಿಕದಲ್ಲಿ ಶೇಕಡಾ 80 ಹಾಜರಿ ಬೇಕು. ಕೆಲವು ತಿಂಗಳು ತಪ್ಪಿದರೆ ಸಹಪಾಠಿಗಳು ಮುಂದೆ ಹೋಗುತ್ತಾರೆ; ಕಿರಿಯರ ಗುಂಪಿಗೆ ಸೇರಬೇಕಾಗುತ್ತದೆ. ಸಾಲ ಮಾಡಿ ಓದಿಸುವ ಮನೆಗೆ ಒಂದು ವರ್ಷದ ವಿಳಂಬವೆಂದರೆ ಸಣ್ಣ ಮಾತಲ್ಲ. ಹಾಗೆಂದು ಬಾಗಿಲು ಮುಚ್ಚಿತೆಂದೂ ಭಾವಿಸಬೇಕಾಗಿಲ್ಲ. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ವ್ಯಾಸಂಗ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಪ್ರವೇಶ ಪಡೆದ ದಿನದಿಂದ 9 ವರ್ಷಗಳನ್ನು ಮೀರಬಾರದೆಂದು 2023ರ ನಿಯಮಾವಳಿ ಮಿತಿ ಹಾಕಿದೆ. ಎಲ್ಲರೂ ಒಂದೇ ಓಟದಲ್ಲಿ ಮುಗಿಸಲಾರರೆಂಬುದನ್ನು ನಿಯಮ ಮಾಡಿದವರೇ ಒಪ್ಪಿದ್ದಾರೆಂದಾಯಿತು. ಒಂದು ವರ್ಷ ತಡವಾಗಿ ವೈದ್ಯನಾದವನನ್ನು ಯಾವ ರೋಗಿಯೂ ಆ ವರ್ಷದ ಲೆಕ್ಕ ಕೇಳುವುದಿಲ್ಲ.

ಹಾಗಾದರೆ ದುಃಖಿತರಾದ ವಿದ್ಯಾರ್ಥಿಗಳೆಲ್ಲರೂ ರಜೆಯ ಮೇಲೆ ಹೋಗಬೇಕೇ? ಖಂಡಿತ ಬೇಡ. ಕೆಲವರಿಗೆ ನಿತ್ಯದ ಪಾಠ, ಗೆಳೆಯರ ಸಹವಾಸ, ಬೆಳಗ್ಗೆ ಎದ್ದು ಹೋಗಬೇಕಾದ ಒಂದು ಜಾಗ, ಇವೇ ಊರುಗೋಲು. ಅಂಥವರನ್ನು ಮನೆಗೆ ಕಳುಹಿಸಿದರೆ ಊರುಗೋಲನ್ನು ಕಿತ್ತುಕೊಂಡಂತಾದೀತು. ಇನ್ನು ಕೆಲವರ ಮನೆಯೇ ನೋವಿನ ನೆಲೆಯಾಗಿರುತ್ತದೆ. ಯಾರಿಗೆ ಯಾವುದು ಹಿತವೆಂಬುದನ್ನು ವಿದ್ಯಾರ್ಥಿ, ಮನೆಯವರು, ಚಿಕಿತ್ಸೆ ನೀಡುವ ವೈದ್ಯರು ಕೂಡಿ ನಿರ್ಧರಿಸಬೇಕೇ ಹೊರತು ಸ್ವಾಮಿಗಳು ಒಂದು ಮಾತಿನಲ್ಲಿ ತೀರ್ಪು ಕೊಡುವಂಥದಲ್ಲ. ಅಂದು ರಜೆ ಬೇಡವೆಂದದ್ದಕ್ಕಿಂತ, ಏನನ್ನೂ ವಿಚಾರಿಸದೆ ಬೇಡವೆಂದದ್ದು ನಮ್ಮ ದೊಡ್ಡ ತಪ್ಪು.

ರಜೆಯನ್ನೇ ತೆಗೆದುಕೊಳ್ಳುವುದಾದರೆ ಅದಕ್ಕೊಂದು ಕ್ರಮವಿರಬೇಕು. ಅಲ್ಲಮನ ಕಥೆಗೆ ಮರಳಿ ಬರುವುದಾಗಿ ಹೇಳಿದ್ದು ಇದಕ್ಕಾಗಿಯೇ. ಕತ್ತಲೆಯ ಕೊಠಡಿಯಲ್ಲಿ ಮೊಬೈಲ್ ಹಿಡಿದು ಆರು ತಿಂಗಳು ಮಲಗಿದರೆ ಅದು ತೋಟವಾಗುವುದಿಲ್ಲ, ಅಲ್ಲಿ ಅನಿಮಿಷಯ್ಯನಿಲ್ಲ. ಮೊದಲು, ಹೇಳದೆ ಕೇಳದೆ ಕಾಲೇಜು ಬಿಡದೆ, ವೈದ್ಯರ ಪತ್ರದೊಂದಿಗೆ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ, ಹಾಜರಿ, ಪರೀಕ್ಷೆ, ಶುಲ್ಕಗಳ ವಿಷಯ ಏನಾಗುವುದೆಂಬುದನ್ನು ಲಿಖಿತವಾಗಿಯೇ ಪಡೆಯಬೇಕು. ಎರಡನೆಯದಾಗಿ, ಚಿಕಿತ್ಸೆ ನಡೆಯುತ್ತಿರಬೇಕು. ಗುಳಿಗೆ ಕೊಟ್ಟಿದ್ದರೆ ಪೂಜೆಯ ನೆಪದಿಂದಲೋ ಹರಕೆಯ ನೆಪದಿಂದಲೋ ಅದನ್ನು ನಿಲ್ಲಿಸಬಾರದು. ಮೂರನೆಯದಾಗಿ, ಪ್ರತಿದಿನ ಮಾತನಾಡಿಸುವ ಒಬ್ಬ ವ್ಯಕ್ತಿ ಇರಬೇಕು. ನಾಲ್ಕನೆಯದಾಗಿ, ಕೈಗೆ ಸಣ್ಣದೊಂದು ಕೆಲಸವಿರಬೇಕು. ಗಿಡಗಳಿಗೆ ನೀರು ಬಿಡುವುದಾದರೂ ಆದೀತು. ಕಾಯಕತತ್ತ್ವ ಇಲ್ಲಿ ನಿಜವಾಗಿ ನೆರವಿಗೆ ಬರುತ್ತದೆ. ಕಡೆಯದಾಗಿ, ಹಿಂದಿರುಗುವ ದಿನವನ್ನು ಅಂದಾಜಿಸಿರಬೇಕು. ಆ ದಿನ ಬಂದಾಗ ವೈದ್ಯರೊಡನೆ ಕೂಡಿ ಮತ್ತೆ ಪರಿಶೀಲಿಸಬೇಕು.

ಸಮಾಜದ ಹೊಣೆಯನ್ನೂ ಹೇಳಬೇಕು. 1963ರಲ್ಲಿ ಬೆಳಗಾವಿ ಮತ್ತು ಕಲಬುರಗಿಗಳಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ, 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜುಗಳನ್ನು ತೆರೆದ ಸಂಸ್ಥೆಗಳ ಹಿಂದೆ ನಮ್ಮ ಸಮಾಜದ ದಾನಿಗಳ, ಮಠಗಳ ಪರಿಶ್ರಮವಿದೆ. ಬಡವರ ಮಕ್ಕಳಿಗೆ ಅನ್ನವಿಕ್ಕಿ ಓದಿಸಿದ ಕೀರ್ತಿ ನಮ್ಮ ಪ್ರಸಾದ ನಿಲಯಗಳಿಗಿದೆ. ಹಸಿವನ್ನು ಗುರುತಿಸಲು ನಾವು ಕಲಿತೆವು. ಉಣ್ಣದೆ ಎದ್ದುಹೋಗುವ ಹುಡುಗನ ದುಃಖವನ್ನು ಗುರುತಿಸುವುದನ್ನು ಇನ್ನೂ ಕಲಿಯಬೇಕಾಗಿದೆ. ಮಾನಸಿಕ ಆರೋಗ್ಯವು ಬದುಕುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ ತಿಂಗಳಲ್ಲಿ ಸಾರಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹರಾದ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಬೇಕೆಂದು ನಿರ್ದೇಶಿಸಿದೆ. ನ್ಯಾಯಾಲಯ ಹೇಳಿದ ಮೇಲೆ ಮಾಡುವುದಕ್ಕಿಂತ ಮಠಗಳು ತಾವಾಗಿಯೇ ಇದನ್ನು ದಾಸೋಹದ ಒಂದು ಭಾಗವೆಂದು ಭಾವಿಸಿದರೆ ಶೋಭೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ನಿಲಯದ ಊಟದ ಮನೆಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದೇವೆ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಒಂದೇ: ವರ್ಷಕ್ಕೊಮ್ಮೆ ನಿಲಯಕ್ಕೆ ಬಂದಾಗ ನಿಮ್ಮ ರ‍್ಯಾಂಕುಗಳ ಜೊತೆಗೆ, ನೀವು ಎಡವಿ ನಿಂತ ವರ್ಷಗಳ ಕಥೆಯನ್ನೂ ಮಕ್ಕಳಿಗೆ ಹೇಳಿರಿ.

ಆ ಹುಡುಗನ ಸಮಾಚಾರವನ್ನು ಓದುಗರು ನಿರೀಕ್ಷಿಸುತ್ತಿರಬಹುದು. ಅವನು ಏಳು ತಿಂಗಳು ರಜೆಯಲ್ಲಿದ್ದ. ತಿಂಗಳಿಗೆರಡು ಸಲ ವೈದ್ಯರ ಬಳಿಗೆ ಹೋಗುತ್ತಿದ್ದ. ಉಳಿದ ದಿನಗಳಲ್ಲಿ ತಾಯಿಯೊಡನೆ ತಂದೆಯ ತೆಂಗಿನ ತೋಟವನ್ನು ನೋಡಿಕೊಂಡ. ಕಾಲೇಜಿಗೆ ಮರಳಿ ಕಿರಿಯರ ಜೊತೆ ಪರೀಕ್ಷೆ ಬರೆದು ತೇರ್ಗಡೆಯಾದ. ದುಃಖ ಹೋಯಿತೇ ಎಂದರೆ ಇಲ್ಲ. ಈಗಲೂ ತಂದೆಯ ಪುಣ್ಯಸ್ಮರಣೆಯ ವಾರದಲ್ಲಿ ಅವನು ಓದಲಾರ. ಆ ವಾರ ಮನೆಗೆ ಬರುತ್ತಾನೆ. ಕಳೆದ ವರ್ಷ ಅವನ ಹಾಸ್ಟೆಲಿನ ಕಿರಿಯ ವಿದ್ಯಾರ್ಥಿಯೊಬ್ಬನ ತಾಯಿ ತೀರಿಕೊಂಡಾಗ, ರಾತ್ರಿಯ ಬಸ್ಸಿನಲ್ಲಿ ಅವನ ಜೊತೆಗೆ ಊರಿನವರೆಗೂ ಹೋಗಿ, ಮೂರು ದಿನ ಅಲ್ಲಿಯೇ ಇದ್ದು ಬಂದನೆಂದು ತಿಳಿಯಿತು. ಅಲ್ಲಿ ಏನು ಮಾತಾಡಿದೆಯಪ್ಪಾ ಎಂದು ಕೇಳಿದೆವು. “ಏನೂ ಇಲ್ಲ ಬುದ್ಧೀ, ಪಕ್ಕದಲ್ಲಿ ಕೂತಿದ್ದೆ” ಎಂದ.

ಆ ಕಂಬದ ಮರೆಯಲ್ಲಿ ಈಗಲೂ ಆಗಾಗ ಯಾರಾದರೂ ಕುಳಿತಿರುತ್ತಾರೆ. ಅವರು ಪ್ರಶ್ನೆ ಕೇಳುವ ಮುನ್ನ, ಶಾಸ್ತ್ರ ನೆನಪಾಗುವ ಮುನ್ನ, ನಾವು ಎರಡು ಮಾತು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಪ್ರಸಾದ ಆಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಉಳಿದ ಮಾತು ಆಮೇಲೆ. ದುಃಖಿತರೆಲ್ಲರಿಗೂ ಹೀಗೆ ಕೇಳುವವರೊಬ್ಬರು ದೊರೆಯುವಂತೆ ಶಿವನು ಅನುಗ್ರಹಿಸಲಿ.